ಎಣ್ಣೆ ಹೋಯಿತು, ಪೊಟ್ಯಾಷ್ ಹಿತ್ತಲಲ್ಲೇ ಉಳಿಯಿತು: ಒಂದು ತಾಳೆ ಗಿರಣಿಯ ಕಾಂಪೋಸ್ಟ್ ಪ್ರಕರಣ

ತಾಳೆ ಎಣ್ಣೆ ಗಿರಣಿಯ ಹಿಂಭಾಗಕ್ಕೆ ಒಮ್ಮೆ ಹೋದವರು ಎರಡು ವಿಷಯ ಮರೆಯುವುದಿಲ್ಲ. ಒಂದು, ಹಣ್ಣು ಉದುರಿಸಿ ಉಳಿದ ಖಾಲಿ ಗೊನೆಗಳ ಗುಡ್ಡ. ಇನ್ನೊಂದು, ಗಿರಣಿಯ ಕೊಳೆ ನೀರು ನಿಲ್ಲಿಸಿದ ಕೊಳಗಳ ಕಡೆಯಿಂದ ಬರುವ ವಾಸನೆ. ಮುಂದಿನ ಗೇಟಿನಲ್ಲಿ ಲಾರಿ ಹಿಂದೆ ಲಾರಿ ಗೊನೆ ತರುತ್ತದೆ. ಟ್ಯಾಂಕರ್ ತುಂಬಿ ಎಣ್ಣೆ ಹೊರಗೆ ಹೋಗುತ್ತದೆ. ಹಿಂದೆ ರಾಶಿ ಬೆಳೆಯುತ್ತಲೇ ಇರುತ್ತದೆ.

ಈ ಬರಹ ಆ ಹಿಂಭಾಗದ ಬಗ್ಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದೇ ಗಿರಣಿಯ ಕಥೆ ಅಲ್ಲ. ಇಂಥ ಗಿರಣಿಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ಒಂದೇ ಗಿರಣಿ, ಒಂದೇ ತೋಟ ಅಂತ ಕೂಡಿಸಿ ಕಟ್ಟಿದ ಪ್ರಕರಣ. ಲೆಕ್ಕ ಸುಲಭವಾಗಲಿ ಅಂತ ಗಿರಣಿಯ ಗಾತ್ರವನ್ನು ದುಂಡಗೆ ಇಟ್ಟಿದ್ದೇನೆ. ಅನುಪಾತಗಳು ಮಾತ್ರ ಗಿರಣಿಯವರೂ ಬೇಸಾಯ ತಜ್ಞರೂ ದಿನಾ ಬಳಸುವಂಥವು. ನಿಮ್ಮ ಗಿರಣಿಯ ಸಂಖ್ಯೆ ಹಾಕಿ ನೋಡಿದರೆ ನಿಮ್ಮ ಲೆಕ್ಕವೂ ಸಿಗುತ್ತದೆ.

ತೋಟದಲ್ಲಿ ಏನಾಗಿತ್ತು

ಗಿರಣಿ ವರ್ಷಕ್ಕೆ 1.5 ಲಕ್ಷ ಟನ್ ಗೊನೆ ಅರೆಯುತ್ತದೆ. ಹೆಕ್ಟೇರಿಗೆ 20 ಟನ್ ಇಳುವರಿ ಅಂದರೆ ಅದು 7,500 ಹೆಕ್ಟೇರಿನ ಫಸಲು. 5,000 ಹೆಕ್ಟೇರ್ ಗಿರಣಿಯ ಸ್ವಂತ ತೋಟ, ಉಳಿದ 2,500 ಸುತ್ತಲಿನ ಸಣ್ಣ ರೈತರದು.

ಇಳುವರಿ ಕೆಲವು ವರ್ಷಗಳಿಂದ ನಿಂತಲ್ಲೇ ನಿಂತಿದೆ. ಗೊಬ್ಬರದ ಖರ್ಚು ಮಾತ್ರ ಏರುತ್ತಿದೆ. ಇಳಿಜಾರಿನಲ್ಲಿರುವ ಮರಳು ಮಣ್ಣಿನ ಬ್ಲಾಕುಗಳು ಎಷ್ಟು ಪೊಟ್ಯಾಷ್ (ಪೊಟ್ಯಾಸಿಯಂ ಕೊಡುವ ಗೊಬ್ಬರ) ಹಾಕಿದರೂ ಒಂದೆರಡು ಜೋರು ಮಳೆಗೆ ಮತ್ತೆ ಬರಿದು. ವ್ಯವಸ್ಥಾಪಕರು ಕಾಂಪೋಸ್ಟ್ ಬಗ್ಗೆ ಯೋಚಿಸಿದ್ದು ಇಲ್ಲಿಂದ.

ಅಲ್ಲಿಯವರೆಗೆ ಖಾಲಿ ಗೊನೆಯನ್ನು ಸುಮ್ನೆ ಬಿಟ್ಟಿರಲಿಲ್ಲ. ಹಸಿ ಗೊನೆಯನ್ನೇ ಮರಗಳ ಸಾಲಿನ ನಡುವೆ ಹೊದಿಕೆಯಾಗಿ ಹಾಸುತ್ತಿದ್ದರು. ಅದು ಒಳ್ಳೆಯ ಪದ್ಧತಿಯೇ. ಮಣ್ಣು ತಂಪಾಗಿರುತ್ತದೆ, ತೇವ ಉಳಿಯುತ್ತದೆ, ಬೇರು ಮೇಲಕ್ಕೆ ಬರುತ್ತದೆ. ಆದರೆ ಹಸಿ ಗೊನೆಯಲ್ಲಿ ಶೇ. 60ರಿಂದ 65 ನೀರು. ಲಾರಿ ಹೊರುವುದು ಹೆಚ್ಚಿನಂಶ ನೀರನ್ನೇ. ಹೆಕ್ಟೇರಿಗೆ 40 ಟನ್ ಹಾಸುವುದು ರೂಢಿ. ವರ್ಷಕ್ಕೆ ಸಿಗುವ 33,000 ಟನ್ ಖಾಲಿ ಗೊನೆ 825 ಹೆಕ್ಟೇರಿಗೆ ಸಾಕು, ಅಷ್ಟೇ. ಡೀಸೆಲ್ ಉಳಿಸೋಕೆ ಆ 825 ಹೆಕ್ಟೇರನ್ನು ಗಿರಣಿಯ ಪಕ್ಕದಲ್ಲೇ ಆರಿಸುತ್ತಾರೆ. ಮುಂದಿನ ವರ್ಷವೂ ಅಲ್ಲೇ. ಅದರ ಮುಂದಿನ ವರ್ಷವೂ ಅಲ್ಲೇ.

ಇದರ ಪರಿಣಾಮ ಎಲೆಯಲ್ಲೇ ಕಾಣುತ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಪಾಠ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಿರಣಿಯಿಂದ ದೂರದ ಇಳಿಜಾರಿನ ಮರಗಳಲ್ಲಿ ಕೆಳಗಿನ ಗರಿಗಳ ಮೇಲೆ ಕಿತ್ತಳೆ ಚುಕ್ಕೆಗಳು. ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದರೆ ಚುಕ್ಕೆಯ ಮೂಲಕ ಬೆಳಕು ಹಾದು ಬರುತ್ತದೆ, ಎಣ್ಣೆ ಹತ್ತಿದ ಕಾಗದದ ಹಾಗೆ. ಅದು ಪೊಟ್ಯಾಸಿಯಂ ಕೊರತೆ. ಗಿರಣಿಯ ಪಕ್ಕದ ಮರಗಳಲ್ಲೂ ಕೆಳಗಿನ ಗರಿ ಕಿತ್ತಳೆಯೇ. ಆದರೆ ಇಲ್ಲಿ ಚುಕ್ಕೆ ಅಲ್ಲ, ಬಿಸಿಲು ಬಿದ್ದ ಎಲೆಯಿಡೀ ಬಣ್ಣ ತಿರುಗಿದೆ. ಒಂದರ ಮೇಲೊಂದು ಎಲೆ ಮಲಗಿದ ಕಡೆ ಮೇಲಿನದನ್ನು ಎತ್ತಿದರೆ, ಕೆಳಗಿನ ಎಲೆಯಲ್ಲಿ ನೆರಳು ಬಿದ್ದಷ್ಟು ಜಾಗ ಇನ್ನೂ ಹಸಿರು. ಗೆರೆ ಎಳೆದ ಹಾಗೆ ಹಸಿರು ಒಂದು ಕಡೆ, ಕಿತ್ತಳೆ ಒಂದು ಕಡೆ. ಅದು ಮೆಗ್ನೀಸಿಯಂ ಕೊರತೆ. ವರ್ಷ ವರ್ಷ ಖಾಲಿ ಗೊನೆ ಬಿದ್ದು ಪೊಟ್ಯಾಸಿಯಂ ಅತಿಯಾದಾಗ ಬೇರು ಮೆಗ್ನೀಸಿಯಂ ತೆಗೆದುಕೊಳ್ಳುವುದು ಕಷ್ಟವಾಗುತ್ತದೆ. ಒಂದೇ ತೋಟ, ದೂರದಿಂದ ನೋಡಿದರೆ ಒಂದೇ ಬಣ್ಣ. ಒಂದು ಕಡೆ ಹಸಿವು, ಇನ್ನೊಂದು ಕಡೆ ಅಜೀರ್ಣ.

ಅಂದರೆ ತೋಟದಲ್ಲಿ ಪೊಟ್ಯಾಷ್ ಇರಲಿಲ್ಲ ಅಂತಲ್ಲ. ಇದ್ದದ್ದು ತಪ್ಪು ಜಾಗದಲ್ಲಿ ಇತ್ತು.

ಲೆಕ್ಕ

ತಾಳೆ ಎಣ್ಣೆ ಅಂದರೆ ಇಂಗಾಲ, ಜಲಜನಕ, ಆಮ್ಲಜನಕ. ಮೂರೂ ಗಾಳಿ ಮತ್ತು ನೀರಿನಿಂದ ಬಂದವು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಣ್ಣೆಯಲ್ಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಮಣ್ಣಿನಿಂದ ಬಂದದ್ದು ಎಣ್ಣೆಯ ಜೊತೆ ಹೋಗುವುದಿಲ್ಲ. ಹಾಗಾದರೆ ಎಲ್ಲಿ ಹೋಗುತ್ತದೆ?

ಗೊನೆ ಗಿರಣಿಗೆ ಬಂದ ಮೇಲೆ ಮೊದಲು ಹಬೆಯಲ್ಲಿ ಬೇಯುತ್ತದೆ. ಆಮೇಲೆ ತಿರುಗುವ ಡ್ರಮ್ಮಿನಲ್ಲಿ ಹಣ್ಣು ಉದುರುತ್ತದೆ. ಹಣ್ಣು ಉದುರಿದ ಮೇಲೆ ಉಳಿಯುವ ಮುಳ್ಳು ಮುಳ್ಳಾದ ಜುಂಗೇ ಖಾಲಿ ಗೊನೆ. ಇದು ಬಂದ ಗೊನೆಯ ತೂಕದ ಶೇ. 22ರಷ್ಟು. ಹಣ್ಣನ್ನು ಹಿಂಡಿದಾಗ ಗೊನೆಯ ತೂಕದ ಶೇ. 20ರಿಂದ 22 ಎಣ್ಣೆ ಬರುತ್ತದೆ. ನಾರು, ಚಿಪ್ಪು ಬಾಯ್ಲರಿಗೆ ಹೋಗುತ್ತವೆ. ಇನ್ನು ನೀರು. ಪ್ರತಿ ಟನ್ ಗೊನೆಗೆ ಸುಮಾರು 0.65 ಘನ ಮೀಟರ್ ಕಂದು ಬಣ್ಣದ, ಬಿಸಿಯಾದ, ಹುಳಿ ನೀರು ಹೊರಬರುತ್ತದೆ. ನಮ್ಮ ಗಿರಣಿಯಲ್ಲಿ ವರ್ಷಕ್ಕೆ 97,500 ಘನ ಮೀಟರ್. ಇದನ್ನು ಇಲ್ಲಿ ಗಿರಣಿ ನೀರು ಅಂತ ಕರೆಯುತ್ತೇನೆ.

ಈಗ ಪೊಟ್ಯಾಸಿಯಂ ಹಿಂದೆ ಹೋಗೋಣ. ಒಂದು ಟನ್ ಗೊನೆಯಲ್ಲಿ ಸುಮಾರು 3.7 ಕೆಜಿ ಪೊಟ್ಯಾಸಿಯಂ ಇರುತ್ತದೆ. 1.5 ಲಕ್ಷ ಟನ್ನಿಗೆ 555 ಟನ್. ಇಷ್ಟು ತೋಟದಿಂದ ಗಿರಣಿಗೆ ಬಂತು.

ಹಸಿ ಖಾಲಿ ಗೊನೆ 1 ಟನ್ ಅಂದರೆ 7 ಕೆಜಿ ಯೂರಿಯಾ, 2.8 ಕೆಜಿ ರಾಕ್ ಫಾಸ್ಫೇಟ್ (ರಂಜಕದ ಗೊಬ್ಬರ), 19.3 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ (ಪೊಟ್ಯಾಷ್ ಗೊಬ್ಬರ), 4.4 ಕೆಜಿ ಕೀಸರೈಟ್‌ಗೆ (ಮೆಗ್ನೀಸಿಯಂ ಗೊಬ್ಬರ) ಸಮ ಅಂತ ತಾಳೆ ಬೇಸಾಯದಲ್ಲಿ ಲೆಕ್ಕ ಹಿಡಿಯುತ್ತಾರೆ. 33,000 ಟನ್ನಿಗೆ ಪೊಟ್ಯಾಷ್ ಗೊಬ್ಬರ 637 ಟನ್ ಆಯಿತು. ಅದರಲ್ಲಿ ಅರ್ಧ ಶುದ್ಧ ಪೊಟ್ಯಾಸಿಯಂ, ಅಂದರೆ 318 ಟನ್. ಗಿರಣಿ ನೀರಿನಲ್ಲಿ ಘನ ಮೀಟರಿಗೆ 2.27 ಕೆಜಿ ಪೊಟ್ಯಾಸಿಯಂ ಇರುತ್ತದೆ. 97,500 ಘನ ಮೀಟರಿಗೆ 221 ಟನ್. ಎರಡೂ ಕೂಡಿಸಿ. 539 ಟನ್.

555 ಬಂತು, 539 ಹಿತ್ತಲಲ್ಲೇ ಇದೆ. ಸರಾಸರಿಗಳಿಂದ ಮಾಡಿದ ಲೆಕ್ಕ ಇದು, ಗಿರಣಿಯಿಂದ ಗಿರಣಿಗೆ ಆಚೀಚೆ ಆಗುತ್ತದೆ. ಆದರೂ ಚಿತ್ರ ಸ್ಪಷ್ಟ ಅಲ್ವಾ? ತೋಟ ಕಳೆದುಕೊಂಡ ಪೊಟ್ಯಾಷ್ ಹೆಚ್ಚೂಕಡಿಮೆ ಪೂರ್ತಿ ಖಾಲಿ ಗೊನೆಯಲ್ಲಿ ಮತ್ತು ಕೊಳದ ನೀರಿನಲ್ಲಿ ಕೂತಿದೆ. ನೀರಿನಲ್ಲಿದ್ದದ್ದನ್ನು ಕೊಳದಲ್ಲೇ ಬಿಟ್ಟು, ಗೊನೆಯಲ್ಲಿದ್ದದ್ದನ್ನು ಗಿರಣಿಯ ಪಕ್ಕದಲ್ಲೇ ಹಾಸಿ, ಉಳಿದ ತೋಟಕ್ಕೆ ಹೊಸ ಚೀಲ ತರಿಸಿ ಸುರಿಯುತ್ತಿದ್ದರು.

ಸಾರಜನಕದ ಕಥೆ ಬೇರೆ. ಗೊನೆಗಳ ಜೊತೆ ಟನ್ನಿಗೆ 2.9 ಕೆಜಿಯಂತೆ ಸುಮಾರು 435 ಟನ್ ಬರುತ್ತದೆ. ಖಾಲಿ ಗೊನೆಯಲ್ಲಿ 106 ಟನ್, ಗಿರಣಿ ನೀರಿನಲ್ಲಿ 73 ಟನ್ ಸಿಗುತ್ತದೆ. ಅರ್ಧವೂ ಆಗಲಿಲ್ಲ. ಉಳಿದದ್ದರಲ್ಲಿ ಒಂದು ಪಾಲು ಬೀಜದ ಪ್ರೋಟೀನಿನ ಜೊತೆ ಹೋಗುತ್ತದೆ, ನಾರಿನಲ್ಲಿದ್ದದ್ದು ಬಾಯ್ಲರಿನಲ್ಲಿ ಸುಟ್ಟು ಗಾಳಿಗೆ ಹೋಗುತ್ತದೆ. ಹಾಗಾಗಿ ಕಾಂಪೋಸ್ಟ್ ಬಂತು ಅಂತ ಯೂರಿಯಾ ಪೂರ್ತಿ ನಿಲ್ಲಿಸಿದ ತೋಟ ಮೆಲ್ಲಗೆ ಹಳದಿಯಾಗಬಹುದು. ಕಾಂಪೋಸ್ಟ್ ಮೊದಲು ಪೊಟ್ಯಾಷ್ ಗೊಬ್ಬರ, ಆಮೇಲೆ ಮಣ್ಣಿನ ಮದ್ದು. ಸಾರಜನಕ ಅದರ ಕೊನೆಯ ಗುಣ.

ನೀರಿನ ಬಗ್ಗೆ ಇನ್ನೊಂದು ಮಾತು. ಗಿರಣಿ ನೀರಿನ ಬಿಒಡಿ (ಕೊಳೆ ಕೊಳೆಯುವಾಗ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕದ ಅಳತೆ) ಲೀಟರಿಗೆ ಸುಮಾರು 25,000 ಮಿಗ್ರಾಂ. ಹಾಗೇ ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಮಲೇಷ್ಯಾ 1977ರಲ್ಲಿ ಇದಕ್ಕೆಂದೇ ನಿಯಮ ತಂದಿತು. ಮೊದಲು 5,000 ಮಿಗ್ರಾಂ ಮಿತಿ ಇಟ್ಟು, ಹಂತ ಹಂತವಾಗಿ ಇಳಿಸಿ, 1984ರ ಹೊತ್ತಿಗೆ 100ಕ್ಕೆ ತಂದಿತು. ಗಿರಣಿಗಳು ಸಾಲು ಸಾಲು ಕೊಳ ತೋಡಿದ್ದು ಈ ಮಿತಿ ಮುಟ್ಟಲು. ಆಳದ ಕೊಳಗಳಲ್ಲಿ ಗಾಳಿ ಇಲ್ಲದೆ ಕೊಳೆಯುವಾಗ ಮೀಥೇನ್ ಏಳುತ್ತದೆ. ಘನ ಮೀಟರ್ ನೀರಿಗೆ ಸುಮಾರು 28 ಘನ ಮೀಟರ್ ಜೈವಿಕ ಅನಿಲ, ಅದರಲ್ಲಿ ಶೇ. 60ಕ್ಕೂ ಜಾಸ್ತಿ ಮೀಥೇನ್. ಕೊಳ ನೀರನ್ನು ಶುದ್ಧ ಮಾಡಿತು, ಆದರೆ ಆಕಾಶಕ್ಕೆ ಮೀಥೇನನ್ನೂ ಹೊಳೆಗೆ ಪೊಟ್ಯಾಸಿಯಂ ಅನ್ನೂ ಕಳಿಸಿತು. ಬಿಒಡಿ ಇಳಿದರೂ ಪೊಟ್ಯಾಸಿಯಂ ಎಲ್ಲೂ ಇಳಿಯುವುದಿಲ್ಲ. ಅದು ಲವಣ, ಯಾವ ಸೂಕ್ಷ್ಮಜೀವಿಯೂ ಅದನ್ನು ಗಾಳಿಗೆ ಬಿಡಲಾರದು.

ಮೊದಲ ವರ್ಷ ಎಡವಿದ್ದು

ಕಾಂಪೋಸ್ಟ್ ಮಾಡೋಣ ಅಂತ ತೀರ್ಮಾನವಾಯಿತು. ಉಪಾಯ ಸರಳವಾಗಿತ್ತು. ಖಾಲಿ ಗೊನೆಯನ್ನು ಸೀಳಿ ಉದ್ದದ ಸಾಲು ರಾಶಿ ಮಾಡುವುದು, ಅದರ ಮೇಲೆ ಗಿರಣಿ ನೀರು ಸಿಂಪಡಿಸುವುದು, ಮಗುಚುತ್ತಾ ಇರುವುದು. ರಾಶಿಯ ಬಿಸಿಗೆ ನೀರು ಆವಿಯಾಗುತ್ತದೆ, ನೀರಿನ ಪೋಷಕಾಂಶ ರಾಶಿಯಲ್ಲಿ ಉಳಿಯುತ್ತದೆ. ಎರಡು ತ್ಯಾಜ್ಯಕ್ಕೆ ಒಂದೇ ಮದ್ದು.

ಬಯಲಿನಲ್ಲಿ ಮಣ್ಣಿನ ನೆಲದ ಮೇಲೆ ಶುರು ಮಾಡಿದರು. ರಾಶಿಯನ್ನು ಎರಡೂವರೆ ಮೀಟರ್ ಎತ್ತರಕ್ಕೆ ಪೇರಿಸಿದರು, ಜಾಗ ಉಳಿಯಲಿ ಅಂತ. ಕೊಳದ ಹೊರೆ ಬೇಗ ಇಳಿಯಲಿ ಅಂತ ನೀರನ್ನು ಧಾರಾಳವಾಗಿ ಹೊಡೆದರು. ಮೂರನೇ ವಾರಕ್ಕೆ ರಾಶಿಯ ಒಳಗಿಂದ ಕೊಳೆತ ಮೊಟ್ಟೆಯ ವಾಸನೆ. ಅಗೆದು ನೋಡಿದರೆ ನಡುವಿನ ಗೊನೆ ಕಪ್ಪಾಗಿ ಲೋಳೆ ಹಿಡಿದಿತ್ತು, ನಾರು ಮಾತ್ರ ಮೊದಲಿನಷ್ಟೇ ಗಟ್ಟಿ. ಗಾಳಿ ಒಳಗೆ ಹೋಗಿರಲಿಲ್ಲ. ಕೊಳದಲ್ಲಿ ಆಗುತ್ತಿದ್ದದ್ದೇ ಈಗ ರಾಶಿಯಲ್ಲಿ ಆಗುತ್ತಿತ್ತು.

ಇನ್ನೊಂದು ಮೂಲೆಯಲ್ಲಿ ಯಂತ್ರ ಕೆಟ್ಟು ಮಗುಚದೆ ಬಿಟ್ಟ ರಾಶಿ ಇತ್ತು. ಅದರಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಅರ್ಧಚಂದ್ರದ ಹಾಗೆ ಸುರುಟಿಕೊಂಡು ಮಲಗಿದ್ದವು. ಕುರುವಾಯಿ ದುಂಬಿಯ ಮರಿಗಳು. ಕೊಳೆಯುವ ಖಾಲಿ ಗೊನೆ ಅವಕ್ಕೆ ತವರುಮನೆ. ದೊಡ್ಡದಾದ ಮೇಲೆ ಅವು ಎಳೆ ತಾಳೆಯ ಸುಳಿಯನ್ನೇ ಕೊರೆಯುತ್ತವೆ. ಹೊಸದಾಗಿ ನೆಟ್ಟ ಬ್ಲಾಕಿನ ಪಕ್ಕದಲ್ಲಿ ಇಂಥ ರಾಶಿ ಬಿಡುವುದು ಅಪಾಯ. ಆದರೆ ಮೊಟ್ಟೆಯಿಂದ ದುಂಬಿಯಾಗಲು ತಿಂಗಳುಗಟ್ಟಲೆ ಬೇಕು. ರಾಶಿ ಬಿಸಿಯಾಗಿದ್ದು, ವಾರಕ್ಕೆ ಎರಡು ಮೂರು ಸಲ ಮಗುಚಿದರೆ ಹುಳುವಿಗೆ ಅಷ್ಟು ಸಮಯವೇ ಸಿಗುವುದಿಲ್ಲ.

ಈ ಎರಡೂ ತಪ್ಪು ಕಣ್ಣಿಗೆ, ಮೂಗಿಗೆ ಗೊತ್ತಾದವು. ಮೂರನೆಯದು ಗೊತ್ತಾಗಲೇ ಇಲ್ಲ, ಅದೇ ದೊಡ್ಡದು.

ಸರಿಯಾಗಿ ಮಗುಚಿದ ಕೆಲವು ರಾಶಿಗಳು ಚೆನ್ನಾಗಿಯೇ ಕಳಿತವು. ಕಪ್ಪು, ಪುಡಿ ಪುಡಿ, ಮಣ್ಣಿನ ವಾಸನೆ. ನೋಡಿದವರೆಲ್ಲ ಮೆಚ್ಚಿದರು. ಪ್ರಯೋಗಾಲಯದ ವರದಿ ಬಂದಾಗ ಪೊಟ್ಯಾಸಿಯಂ ಲೆಕ್ಕಕ್ಕಿಂತ ತೀರಾ ಕಡಿಮೆ. ಎಲ್ಲಿ ಹೋಯಿತು? ಉತ್ತರ ಸಿಕ್ಕಿದ್ದು ಮಳೆ ಬಂದ ಸಂಜೆ. ರಾಶಿಯ ಬುಡದಿಂದ ಕಡು ಚಹಾ ಬಣ್ಣದ ನೀರು ಸಣ್ಣ ಕಾಲುವೆಯಾಗಿ ಹರಿದು ಚರಂಡಿ ಸೇರುತ್ತಿತ್ತು. ವಿದ್ಯುತ್ ವಾಹಕತೆ ಅಳೆಯುವ ಮೀಟರನ್ನು ಆ ನೀರಿಗೆ ಅದ್ದಿದರೆ ಸಂಖ್ಯೆ ಸರ್ರನೆ ಏರಿತು. ಮಾಮೂಲಿ ಮಳೆ ನೀರಿನಲ್ಲಿ ಅದು ಅಲುಗಾಡುವುದೇ ಇಲ್ಲ. ಲವಣ ಕರಗಿ ಹೋಗುತ್ತಿದೆ ಅಂತ ಅರ್ಥ.

ಸಾರಜನಕ, ರಂಜಕ ಬಹುಮಟ್ಟಿಗೆ ಸೂಕ್ಷ್ಮಜೀವಿಗಳ ದೇಹದಲ್ಲಿ, ಸಾವಯವ ಪದಾರ್ಥದಲ್ಲಿ ಸೇರಿ ಕೂತುಬಿಡುತ್ತವೆ. ಪೊಟ್ಯಾಸಿಯಂ ಹಾಗಲ್ಲ. ಅದು ಗಿಡದ ಒಳಗೂ ಕರಗಿದ ಲವಣವಾಗಿಯೇ ಇರುತ್ತದೆ, ರಾಶಿಯಲ್ಲೂ ಹಾಗೇ. ಮಳೆ ನೀರು ರಾಶಿಯನ್ನು ತೊಳೆದರೆ ಮೊದಲು ಹೋಗುವುದು ಅದೇ. ಯಾವ ಪೋಷಕಾಂಶಕ್ಕಾಗಿ ಇಷ್ಟೆಲ್ಲ ಕೆಲಸವೋ ಅದೇ ಚರಂಡಿಯಲ್ಲಿ. ಕಾಂಪೋಸ್ಟ್ ಕಪ್ಪಗೆ ಚೆಂದ ಇದ್ದ ಮಾತ್ರಕ್ಕೆ ಅದರಲ್ಲಿ ಪೊಟ್ಯಾಷ್ ಇದೆ ಅಂತ ನಂಬಬೇಡಿ. ಜಾಸ್ತಿ ಮಳೆಯ ಜಾಗದಲ್ಲಿ ಚಾವಣಿ ಇಲ್ಲದ ಕಾಂಪೋಸ್ಟ್ ಅಂಗಳ ಅಂದರೆ ತೂತು ಬಿದ್ದ ಕಣಜ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಮಗುಚುವ ದೊಡ್ಡ ಯಂತ್ರಕ್ಕಿಂತ ಮೊದಲು ಚಾವಣಿಗೆ ಹಣ ಹಾಕಬೇಕು.

ಹದ

ಎರಡನೇ ಸಲ ಬೇರೆ ರೀತಿ ಮಾಡಿದರು. ಕಾಂಕ್ರೀಟ್ ನೆಲ, ಒಂದು ಕಡೆಗೆ ಸಣ್ಣ ಇಳಿಜಾರು, ಇಳಿಜಾರಿನ ಕೊನೆಗೆ ಕಾಲುವೆ. ರಾಶಿಯಿಂದ ಸೋರಿದ ನೀರು ಕಾಲುವೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಮತ್ತೆ ರಾಶಿಯ ಮೇಲಕ್ಕೆ. ಮೇಲೆ ಎತ್ತರದ ಚಾವಣಿ, ಬದಿ ತೆರೆದೇ ಇದೆ, ಗಾಳಿ ಆಡಬೇಕಲ್ಲ. ರಾಶಿಯ ಎತ್ತರ ಒಂದೂವರೆ ಮೀಟರ್, ಅಗಲ ಮೂರು ಮೀಟರ್.

ಖಾಲಿ ಗೊನೆಯನ್ನು ಸೀಳುವುದು ಕಡ್ಡಾಯವಾಯಿತು. ಇಡೀ ಗೊನೆಯ ನಡುವಿನ ದಿಂಡು ಕಟ್ಟಿಗೆಯಷ್ಟು ಗಟ್ಟಿ. ಅದು ಕಳಿಯುವುದಕ್ಕೆ ಕಾದರೆ ಉಳಿದದ್ದೆಲ್ಲ ಕಳಿತು ಹೋಗಿರುತ್ತದೆ. ಸೀಳಿದ ನಾರು ನೀರು ಹೀರುತ್ತದೆ, ಸೂಕ್ಷ್ಮಜೀವಿಗೆ ಮೈ ಸಿಗುತ್ತದೆ.

ಗಿರಣಿ ನೀರು ಯಂತ್ರದಿಂದ ಬರುವಾಗ 80 ಡಿಗ್ರಿಗೂ ಮೇಲೆ ಇರುತ್ತದೆ. ನೇರ ಹೊಡೆದರೆ ಕೆಲಸ ಮಾಡಬೇಕಾದ ಜೀವಿಗಳೇ ಬೆಂದು ಹೋಗುತ್ತವೆ. ತಣಿಸುವ ತೊಟ್ಟಿಯಲ್ಲಿ ಇಟ್ಟು, ಮೇಲೆ ತೇಲುವ ಎಣ್ಣೆ ತೆಗೆದು, ಆಮೇಲೆ ಸಿಂಪಡಿಸಬೇಕು. ಎಣ್ಣೆ ಉಳಿದರೆ ನಾರಿನ ಮೇಲೆ ಪದರ ಕಟ್ಟಿ ನೀರು ಇಳಿಯುವುದಿಲ್ಲ.

ನೀರು ಎಷ್ಟು? ಚೆನ್ನಾಗಿ ನಡೆಸಿದ ಅಂಗಳದಲ್ಲಿ 1 ಟನ್ ಖಾಲಿ ಗೊನೆ ಇಡೀ ಅವಧಿಯಲ್ಲಿ ಹೆಚ್ಚೆಂದರೆ 3 ಘನ ಮೀಟರ್ ನೀರು ಕುಡಿಯುತ್ತದೆ. ಗಿರಣಿಯಲ್ಲಿ ಅವೆರಡೂ ಹುಟ್ಟುವ ಅನುಪಾತವೂ ಹತ್ತಿರ ಹತ್ತಿರ ಅದೇ, 0.22ಕ್ಕೆ 0.65. ಈ ಹೊಂದಾಣಿಕೆ ನೋಡಿದಾಗ ಖುಷಿಯಾಗುತ್ತದೆ. ಆದರೆ ಇದು ಗರಿಷ್ಠ ಮಿತಿ. ತೇವದ ದಿನಗಳಲ್ಲಿ 2 ಘನ ಮೀಟರ್ ದಾಟಿಸುವುದೂ ಕಷ್ಟ. ಉಳಿದ ನೀರಿಗೆ ಕೊಳ ಬೇಕೇ ಬೇಕು. ಕೊಳದ ಮೇಲೆ ಹೊದಿಕೆ ಹಾಕಿ ಅನಿಲ ಹಿಡಿದು ಉರಿಸುವ ಗಿರಣಿಗಳೂ ಇವೆ. ಅನಿಲ ತೆಗೆದ ನೀರಿನಲ್ಲೂ ಪೊಟ್ಯಾಸಿಯಂ ಹಾಗೇ ಇರುವುದರಿಂದ ಅದನ್ನೂ ರಾಶಿಗೆ ಹೊಡೆಯಬಹುದು. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತೇನಿಲ್ಲ.

ಹದ ನೋಡುವುದು ಕೈಯಿಂದ. ರಾಶಿಯ ಒಳಗೆ ಮೊಣಕೈ ಆಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯಬೇಕು. ಗಟ್ಟಿಯಾಗಿ ಹಿಂಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆಯಾಗಿ ಇಳಿದರೆ ಆ ದಿನ ನೀರು ಬೇಡ, ಮಗುಚಿದರೆ ಸಾಕು. ಹಿಡಿ ಬಿಟ್ಟಾಗ ಉದುರಿ ಹೋದರೆ ಒಣಗಿದೆ. ಮೊದಲ ವಾರಗಳಲ್ಲಿ ಕೈ ಹಾಕಿದರೆ ಹೆಚ್ಚು ಹೊತ್ತು ಇಡಲಾಗುವುದಿಲ್ಲ, 60ರಿಂದ 70 ಡಿಗ್ರಿ ಇರುತ್ತದೆ. ಮಗುಚುವಾಗ ಬೆಳಗಿನ ಹೊತ್ತು ಇಡೀ ಸಾಲಿನಿಂದ ಹಬೆ ಏಳುತ್ತದೆ. ಹತ್ತು ಹನ್ನೆರಡು ವಾರಕ್ಕೆ ಬಿಸಿ ಇಳಿದು ಗಾಳಿಯಷ್ಟಕ್ಕೇ ಬರುತ್ತದೆ. ಮಗುಚಿದ ಮೇಲೂ ಬಿಸಿ ಏರದಿದ್ದರೆ ಆಯಿತು ಅಂತ ಅರ್ಥ. ಎಳೆ ಎಳೆ ನಾರು ಆಗಲೂ ಕಾಣುತ್ತದೆ, ಆದರೆ ಎಳೆದರೆ ಪಟ್ಟನೆ ತುಂಡಾಗುತ್ತದೆ.

ಖಾಲಿ ಗೊನೆಯಲ್ಲಿ ಇಂಗಾಲ, ಸಾರಜನಕದ ಅನುಪಾತ 50ರ ಆಸುಪಾಸು. ಕಾಂಪೋಸ್ಟ್ ಆದಾಗ 20ರ ಹತ್ತಿರ ಅಥವಾ ಕೆಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದಾಗ ಮಣ್ಣಿಗೆ ಹಾಕಿದರೆ ಅದು ಕೊಡುವ ಬದಲು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದುಕೊಳ್ಳುತ್ತದೆ. ತೂಕ ಹಸಿ ಗೊನೆಯ ಅರ್ಧಕ್ಕೆ ಇಳಿಯಿತು. 33,000 ಟನ್ನಿಗೆ ಸುಮಾರು 16,500 ಟನ್.

ಯಾವ ಮರಕ್ಕೆ

ಇಲ್ಲಿ ಜಗಳವೇ ಆಯಿತು. ಸಾಗಾಣಿಕೆಯವರು ಹತ್ತಿರದ ಬ್ಲಾಕುಗಳಿಗೆ ಅಂದರು. ಬೇಸಾಯದವರು ದೂರದ ಇಳಿಜಾರಿಗೆ ಅಂದರು. ನಾನು ಬೇಸಾಯದವರ ಕಡೆ. ಹತ್ತಿರದ ಬ್ಲಾಕಿನಲ್ಲಿ ಪೊಟ್ಯಾಸಿಯಂ ಆಗಲೇ ಅತಿ. ಅಲ್ಲಿಗೆ ಬೇಕಾದದ್ದು ಕೀಸರೈಟ್. ಕಾಂಪೋಸ್ಟ್ ಮಾಡಿದ ದೊಡ್ಡ ಲಾಭವೇ ತೂಕ ಅರ್ಧವಾದದ್ದು. ದೂರ ಒಯ್ಯಲು ಆಗಲಿ ಅಂತಲೇ ಇಷ್ಟು ಕಷ್ಟಪಟ್ಟದ್ದಲ್ವಾ?

ಆದ್ಯತೆ ಹೀಗಾಯಿತು: ಮೊದಲು ಮರಳು ಮಣ್ಣು, ಮೇಲ್ಮಣ್ಣು ಕೊಚ್ಚಿಹೋದ ಇಳಿಜಾರು, ಮತ್ತು ಮರುನಾಟಿ ಮಾಡುವ ಬ್ಲಾಕು. ಸಾವಯವ ಪದಾರ್ಥ ಇಲ್ಲದ ಮಣ್ಣಿಗೆ ಪೊಟ್ಯಾಷ್ ಹಿಡಿದಿಡುವ ಶಕ್ತಿ ಕಡಿಮೆ. ಕಾಂಪೋಸ್ಟ್ ಆ ಶಕ್ತಿಯನ್ನೂ ಕೊಡುತ್ತದೆ, ಹುಳಿ ಮಣ್ಣಿನ ಹುಳಿಯನ್ನೂ ಸ್ವಲ್ಪ ಇಳಿಸುತ್ತದೆ. ಜೌಗಿನ ಪೀಟ್ ಮಣ್ಣು (ಅರೆಕೊಳೆತ ಗಿಡಗಳಿಂದಲೇ ಆದ ಮಣ್ಣು) ಇದ್ದರೆ ಅದು ಕೊನೆಗೆ. ಅಲ್ಲಿ ಸಾವಯವ ಪದಾರ್ಥಕ್ಕೆ ಬರ ಇಲ್ಲ, ಪೊಟ್ಯಾಷನ್ನು ಚೀಲದಿಂದಲೇ ಕೊಡಬಹುದು.

ಒಂಬತ್ತು ಮೀಟರ್ ಅಂತರದ ತ್ರಿಕೋನ ನಾಟಿಯಲ್ಲಿ ಹೆಕ್ಟೇರಿಗೆ 143 ಮರ. ಮರಕ್ಕೆ 35 ಕೆಜಿ ಅಂದರೆ ಹೆಕ್ಟೇರಿಗೆ 5 ಟನ್. ವರ್ಷಕ್ಕೆ 3,300 ಹೆಕ್ಟೇರ್ ಮುಟ್ಟುತ್ತದೆ. ಹಾಗೆ ತಿರುಗಿಸುತ್ತಾ ಹೋದರೆ ಎರಡೂಕಾಲು ವರ್ಷಕ್ಕೊಮ್ಮೆ, ಸಣ್ಣ ರೈತರದೂ ಸೇರಿದ 7,500 ಹೆಕ್ಟೇರಿನ ಎಲ್ಲ ಮರಕ್ಕೂ ಪಾಳಿ ಬರುತ್ತದೆ. ಗಿರಣಿ ನೀರನ್ನೂ ಪೂರ್ತಿ ಕುಡಿಸಿ, ಸೋರಿಕೆ ಇಲ್ಲದೆ ಮಾಡಿದ ಕಾಂಪೋಸ್ಟಾದರೆ ಅಷ್ಟು ಅವಧಿಯಲ್ಲಿ ಗೊನೆ ಒಯ್ದ ಪೊಟ್ಯಾಸಿಯಂಗೆ ಇದು ಹೆಚ್ಚೂಕಡಿಮೆ ಸರಿಸಮ. ಮೊದಲ ಲೆಕ್ಕದ 825 ಹೆಕ್ಟೇರಿಗೆ ಇದನ್ನು ಹೋಲಿಸಿ ನೋಡಿ.

ಹಾಕುವ ಜಾಗವೂ ಮುಖ್ಯ. ಬುಡಕ್ಕೆ ಸುರಿಯಬಾರದು. ದೊಡ್ಡ ಮರದ ಆಹಾರ ಹೀರುವ ಸಣ್ಣ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲಿ ದೂರ ಹರಡಿರುತ್ತವೆ. ಕಡಿದ ಗರಿಗಳ ರಾಶಿಯ ಅಂಚಿನಲ್ಲಿ ತೆಳುವಾಗಿ ಹರಡುವುದು ಒಳ್ಳೆಯದು. ಮೂರು ನಾಲ್ಕು ತಿಂಗಳ ನಂತರ ಆ ಪದರವನ್ನು ಮೆಲ್ಲಗೆ ಎತ್ತಿ ನೋಡಿ. ಕೆಳಗಿನಿಂದ ಬಿಳಿ ಬೇರುಗಳು ಮೇಲ್ಮುಖವಾಗಿ ಕಾಂಪೋಸ್ಟ್ ಒಳಗೇ ಹೆಣೆದುಕೊಂಡಿರುತ್ತವೆ, ಕೈಗೆ ಚಾಪೆಯಂತೆ ಎದ್ದು ಬರುತ್ತದೆ. ಯಾವ ವರದಿಗಿಂತಲೂ ಇದು ಬೇಗ ಮನವರಿಕೆ ಮಾಡುತ್ತದೆ.

ಚೀಲದ ಪೊಟ್ಯಾಷನ್ನು ಮೊದಲ ವರ್ಷವೇ ಪೂರ್ತಿ ಕಡಿತ ಮಾಡಲಿಲ್ಲ. ಮೇಲೆ ಹೊಸದಾಗಿ ಬಿಚ್ಚಿದ ಗರಿಯಿಂದ ಎಣಿಸಿ 17ನೇ ಗರಿಯ ಎಲೆ ತೆಗೆದು ಪರೀಕ್ಷೆಗೆ ಕಳಿಸಿ, ಪೊಟ್ಯಾಸಿಯಂ ಶೇ. 1ರ ಆಸುಪಾಸು ಬಂದು ನಿಂತ ಮೇಲೆ ಹಂತ ಹಂತವಾಗಿ ಇಳಿಸಿದರು. ಯೂರಿಯಾ ಮುಂದುವರಿಯಿತು. ಬೋರಾನ್ ಕೂಡ. ಎಲೆಯ ತುದಿ ಕೊಕ್ಕೆಯಂತೆ ಬಾಗುವ ಕೊರತೆಗೆ ಕಾಂಪೋಸ್ಟ್ ನೆಚ್ಚಿಕೊಳ್ಳಲಾಗದು.

ಗೊನೆ ಯಾವಾಗ ಹೆಚ್ಚುತ್ತದೆ

ಒಂದು ವರ್ಷ ಹಾಕಿ, ಇಳುವರಿ ಏರಲಿಲ್ಲ ಅಂತ ನಿಲ್ಲಿಸುವವರು ಬಹಳ. ತಾಳೆ ಮರದ ಒಳಗಿನ ಕಾಲ ಗೊತ್ತಿದ್ದರೆ ಹಾಗೆ ಮಾಡುವುದಿಲ್ಲ.

ಇವತ್ತು ಕೊಯ್ದ ಗೊನೆಯ ಮೊಗ್ಗು ಮರದ ಸುಳಿಯೊಳಗೆ ಹುಟ್ಟಿದ್ದು ಮೂರು ವರ್ಷಕ್ಕೂ ಹಿಂದೆ. ಅದು ಗಂಡಾಗಬೇಕೋ ಹೆಣ್ಣಾಗಬೇಕೋ ಅಂತ ತೀರ್ಮಾನವಾದದ್ದು ಸುಮಾರು ಎರಡು ವರ್ಷದ ಹಿಂದೆ. ಮರ ಆಗ ಬರ, ಹಸಿವಿನಲ್ಲಿ ಇದ್ದರೆ ಗಂಡು ಹೂಗೊಂಚಲು ಜಾಸ್ತಿ. ಗಂಡು ಹೂವು ಗೊನೆ ಕೊಡುವುದಿಲ್ಲ. ಕೊಯ್ಲಿಗೆ ಹತ್ತು ತಿಂಗಳ ಹಿಂದೆ ಇನ್ನೊಂದು ಗಂಡಾಂತರ. ಮರಕ್ಕೆ ಸಾಲದಿದ್ದರೆ ಎಳೆಯ ಹೂಗೊಂಚಲನ್ನೇ ಒಣಗಿಸಿಬಿಡುತ್ತದೆ. ಹೂವು ಅರಳಿದ ಮೇಲೆ ಹಣ್ಣಾಗಲು ಐದಾರು ತಿಂಗಳು.

ಹಾಗಾಗಿ ಇವತ್ತು ಹಾಕಿದ ಕಾಂಪೋಸ್ಟ್ ಮೊದಲ ತಿಂಗಳುಗಳಲ್ಲಿ ಎಲೆಯಲ್ಲಿ ಕಾಣುತ್ತದೆ, ಲೆಕ್ಕದ ಪುಸ್ತಕದಲ್ಲಿ ಅಲ್ಲ. ಆಗಲೇ ಮೂಡಿರುವ ಗೊನೆ ತುಸು ತೂಕ ಕಟ್ಟಿಕೊಳ್ಳಬಹುದು. ಎರಡನೇ ವರ್ಷ ಒಣಗಿ ಹೋಗುವ ಹೂಗೊಂಚಲು ಕಡಿಮೆಯಾಗುತ್ತವೆ. ಗೊನೆಗಳ ಸಂಖ್ಯೆ ನಿಜವಾಗಿ ಏರುವುದು ಎರಡು ವರ್ಷ ದಾಟಿದ ಮೇಲೆ. ತೂಕ ಮೊದಲು, ಸಂಖ್ಯೆ ಆಮೇಲೆ. ಇಳುವರಿಯನ್ನು ಬರೀ ಟನ್ನಿನಲ್ಲಿ ಬರೆದಿಟ್ಟರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಗೊನೆಯ ಎಣಿಕೆ ಮತ್ತು ಸರಾಸರಿ ತೂಕ, ಎರಡನ್ನೂ ಬೇರೆ ಬೇರೆ ಬರೆಯಬೇಕು.

ಇನ್ನೊಂದು ಕೆಲಸವನ್ನು ಈ ತೋಟದಲ್ಲಿ ಸರಿಯಾಗಿ ಮಾಡಿದರು. ಪ್ರತಿ ಬಗೆಯ ಮಣ್ಣಿನಲ್ಲೂ ಒಂದೊಂದು ಬ್ಲಾಕನ್ನು ಕಾಂಪೋಸ್ಟ್ ಹಾಕದೆ ಬಿಟ್ಟರು. ಅದೇ ವಯಸ್ಸಿನ ಮರ, ಅದೇ ಚೀಲದ ಗೊಬ್ಬರ. ಮಳೆ ಚೆನ್ನಾಗಿ ಆದ ವರ್ಷ ಎಲ್ಲ ಕಡೆ ಇಳುವರಿ ಏರುತ್ತದೆ. ಪಕ್ಕದಲ್ಲಿ ಹೋಲಿಸಲು ಬ್ಲಾಕ್ ಇಲ್ಲದಿದ್ದರೆ ಮಳೆಯ ಶ್ರೇಯಸ್ಸನ್ನು ಕಾಂಪೋಸ್ಟ್‌ಗೆ ಕೊಟ್ಟುಬಿಡುತ್ತೇವೆ. ಬರ ಬಂದ ವರ್ಷ ಕಾಂಪೋಸ್ಟನ್ನು ಬೈಯುತ್ತೇವೆ. ಮೊದಲೇ ಪುಷ್ಟಿಯಾದ ತಗ್ಗಿನ ಮಣ್ಣಿನಲ್ಲಿ ಜೋಡಿ ಬ್ಲಾಕುಗಳ ನಡುವೆ ಹೆಚ್ಚು ವ್ಯತ್ಯಾಸ ನಿರೀಕ್ಷಿಸಬೇಡಿ. ಮರಳು ಇಳಿಜಾರಿನಲ್ಲಿ ವ್ಯತ್ಯಾಸ ಕಾಣಲೇಬೇಕು, ಕಾಣದಿದ್ದರೆ ಕಾಂಪೋಸ್ಟಿನ ಪೊಟ್ಯಾಸಿಯಂ ಮತ್ತೆ ಪರೀಕ್ಷೆ ಮಾಡಿಸಬೇಕು.

ಏರಿಕೆ ಸಣ್ಣದಾದರೂ ಬೆಲೆಯುಳ್ಳದ್ದು. ಹೆಕ್ಟೇರಿಗೆ 20 ಟನ್ 22 ಆಯಿತು ಅಂದುಕೊಳ್ಳಿ. ಶೇ. 21 ಎಣ್ಣೆಯ ಲೆಕ್ಕದಲ್ಲಿ ಹೆಕ್ಟೇರಿಗೆ 420 ಕೆಜಿ ಎಣ್ಣೆ ಜಾಸ್ತಿ, ಹೊಸ ಜಮೀನು ಒಂದಿಂಚೂ ತೆರೆಯದೆ. ಕಾಡು ಕಡಿದು ತಾಳೆ ಹಾಕುವ ಒತ್ತಡ ಎಷ್ಟಿದೆ ಅಂತ ಗೊತ್ತಿರುವವರಿಗೆ ಈ ಮಾತಿನ ತೂಕ ಗೊತ್ತು.

ಗೊನೆ ತಂದವರ ಪಾಲು

ಒಂದು ವಿಷಯ ಉಳಿದಿದೆ. ಈ ಪ್ರಕರಣದಲ್ಲಿ ಅದನ್ನು ಕೊನೆಗೆ ಗಮನಿಸಿದರು, ಮೊದಲೇ ಗಮನಿಸಬೇಕಿತ್ತು.

ಗಿರಣಿಗೆ ಬರುವ ಗೊನೆಯಲ್ಲಿ ಮೂರರಲ್ಲಿ ಒಂದು ಪಾಲು ಸಣ್ಣ ರೈತರದು. ವರ್ಷಕ್ಕೆ 50,000 ಟನ್. ಅದರ ಜೊತೆ 185 ಟನ್ ಪೊಟ್ಯಾಸಿಯಂ ಅವರ ಜಮೀನಿನಿಂದ ಬರುತ್ತದೆ. ರೈತನಿಗೆ ಗೊನೆಯ ತೂಕಕ್ಕೆ ಹಣ ಸಿಗುತ್ತದೆ. ಖಾಲಿ ಗೊನೆ ಮಾತ್ರ ಗಿರಣಿಯಲ್ಲಿ ಉಳಿದು, ಕಾಂಪೋಸ್ಟ್ ಆಗಿ, ಗಿರಣಿಯ ಸ್ವಂತ ತೋಟಕ್ಕೆ ಹೋಗುತ್ತದೆ. ಸಣ್ಣ ಜಮೀನಿನ ಸತ್ವ ದೊಡ್ಡ ಜಮೀನಿಗೆ ಮೆಲ್ಲಗೆ ಹರಿಯುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಆದರೂ ಅದು ಸರಿಯಲ್ಲ. ಸಾಮಾನ್ಯವಾಗಿ ಗೊಬ್ಬರ ಕಡಿಮೆ ಹಾಕುವವರೂ ಅವರೇ, ಚುಕ್ಕೆ ಬಿದ್ದ ಗರಿ ಜಾಸ್ತಿ ಇರುವುದೂ ಅವರ ಮರಗಳಲ್ಲೇ.

ಪರಿಹಾರ ಗೇಟಿನಲ್ಲೇ ನಿಂತಿತ್ತು. ಗೊನೆ ಇಳಿಸಿದ ಲಾರಿ ಖಾಲಿ ವಾಪಸ್ ಹೋಗುತ್ತದೆ. 1.5 ಲಕ್ಷ ಟನ್ ಗೊನೆಗೆ 16,500 ಟನ್ ಕಾಂಪೋಸ್ಟ್ ಅಂದರೆ ಪ್ರತಿ 10 ಟನ್ ಗೊನೆಗೆ 1.1 ಟನ್. ಲಾರಿ ತೂಗುವ ಕಟ್ಟೆಯಲ್ಲಿ ಗೊನೆಯ ರಸೀದಿ ಬರೆಯುವಾಗಲೇ ಕಾಂಪೋಸ್ಟಿನ ಪಾಲನ್ನೂ ಅದೇ ಚೀಟಿಯಲ್ಲಿ ಬರೆಯಲು ಶುರು ಮಾಡಿದರು. ಒಂಬತ್ತು ಸಲ ಗೊನೆ ತಂದ ಲಾರಿ ಒಂಬತ್ತನೇ ಸಲ ಹಿತ್ತಲಿಗೆ ಹೋಗಿ, ಚಾವಣಿಯ ಕೆಳಗೆ ಕಪ್ಪು ಕಾಂಪೋಸ್ಟ್ ತುಂಬಿಕೊಂಡು, ಮತ್ತೆ ತೂಕ ಹಾಕಿಸಿಕೊಂಡು ಗೇಟು ದಾಟುತ್ತದೆ.